ಒಂದೇ ಕಡತದಲ್ಲಿ ಎರಡು ವಂಶಾವಳಿ

ಸೈನಿಕ, ತೋಟದ ಒಡೆಯ, ಶಾಸಕ. ಅಮೆರಿಕವನ್ನು ಕಟ್ಟಿದವರೆಂದು ಹೆಸರಾದ ದಕ್ಷಿಣ ರಾಜ್ಯಗಳ ಗಣ್ಯರ ಪರಿಚಯ ಬಹುಪಾಲು ಈ ಮೂರು ಮಾತುಗಳಿಂದಲೇ ಆರಂಭವಾಗುತ್ತದೆ. ನಡುವಿನ ಮಾತನ್ನು ಓದುಗರು ಸಲೀಸಾಗಿ ದಾಟಿಬಿಡುತ್ತಾರೆ. ಆ ತೋಟದಲ್ಲಿ ದುಡಿದವರು ಯಾರು, ಅವರಿಗೂ ಮಕ್ಕಳು ಮೊಮ್ಮಕ್ಕಳು ಇದ್ದರೇ ಎಂಬ ಪ್ರಶ್ನೆ ಒಡೆಯನ ವಂಶವೃಕ್ಷದ ಮುಂದೆ ನಿಂತವರಿಗೆ ಹೊಳೆಯುವುದು ಕಡಿಮೆ. 2026ರ ಜುಲೈ 4ಕ್ಕೆ ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ 250 ವರ್ಷ. ಈ ಹೊತ್ತಿನಲ್ಲಿ ಅಲ್ಲಿ ನಡೆಯುತ್ತಿರುವ ಜಗಳಗಳಲ್ಲಿ ಒಂದು ಇದೇ: ಪೂರ್ವಜರ ಕಥೆಯಲ್ಲಿ ಯಾರ ಹೆಸರು ಇರಬೇಕು, ಸರ್ಕಾರದ ಫಲಕದ ಮೇಲೆ ಅದನ್ನು ಬರೆಯಬೇಕೇ, ಬೇಡವೇ.

2025ರ ಮಾರ್ಚ್‌ನಲ್ಲಿ ಅಧ್ಯಕ್ಷ ಟ್ರಂಪ್ ಒಂದು ಆದೇಶ ಹೊರಡಿಸಿದರು. ಅಮೆರಿಕನ್ನರನ್ನು ಅನುಚಿತವಾಗಿ ಹೀಗಳೆಯುವಂಥ ವಿವರಣೆಗಳು ಸರ್ಕಾರಿ ಸ್ಮಾರಕಗಳಲ್ಲಿ ಇವೆಯೇ ಎಂದು ಪರಿಶೀಲಿಸಬೇಕು ಎಂಬುದು ಅದರ ಒಂದು ಅಂಶ. 2026ರ ಜನವರಿಯಲ್ಲಿ ಫಿಲಡೆಲ್ಫಿಯಾದಲ್ಲಿ ಜಾರ್ಜ್ ವಾಷಿಂಗ್ಟನ್ ಅಧ್ಯಕ್ಷನಾಗಿದ್ದಾಗ ವಾಸವಿದ್ದ ಮನೆಯ ನಿವೇಶನದಿಂದ, ಅಲ್ಲಿ ಅವನ ಸೇವೆಗಿದ್ದ ಒಂಬತ್ತು ಗುಲಾಮರ ಕುರಿತ ಫಲಕಗಳನ್ನು ತೆಗೆಯಲಾಯಿತು. ನಗರಾಡಳಿತ ನ್ಯಾಯಾಲಯದ ಮೆಟ್ಟಿಲೇರಿತು. ಇದನ್ನು ಎರಡು ರಾಜಕೀಯ ಪಕ್ಷಗಳ ಕಾದಾಟವೆಂದು ಬಗೆದು ಸುಮ್ಮನಾಗುವವರೇ ಹೆಚ್ಚು. ಆದರೆ ಹಳೆಯ ಕಡತಗಳ ನಡುವೆ ಕುಳಿತು ಮನೆತನದ ಇತಿಹಾಸ ಹುಡುಕುವವರಿಗೆ ಇದು ಬೇರೆಯೇ ಆಗಿ ಕಾಣುತ್ತದೆ. ಒಡೆಯನ ಕುಟುಂಬದ ಕಾಗದಗಳನ್ನು ಬಿಚ್ಚದೆ ಗುಲಾಮರ ಕುಟುಂಬದ ಕಥೆ ಸಿಗುವುದಿಲ್ಲ. ಗುಲಾಮರ ಪಟ್ಟಿಯನ್ನು ಬಿಟ್ಟರೆ ಒಡೆಯನ ಕುಟುಂಬದ ಕಥೆಯೂ ನಿಲ್ಲುವುದಿಲ್ಲ. ಆ ಎರಡೂ ಇರುವುದು ಒಂದೇ ಪೆಟ್ಟಿಗೆಯಲ್ಲಿ.

ಅಮೆರಿಕದ ಸಂವಿಧಾನ ರಚಿಸಿದವರಲ್ಲಿ ಒಬ್ಬನಾದ ಪಿಯರ್ಸ್ ಬಟ್ಲರ್‌ನ ಮನೆತನ ಇದಕ್ಕೆ ಒಳ್ಳೆಯ ಉದಾಹರಣೆ. ಆತ 1744ರಲ್ಲಿ ಐರ್ಲೆಂಡಿನ ಕಾರ್ಲೊ ಪ್ರಾಂತದಲ್ಲಿ ಹುಟ್ಟಿದವನು. ತಂದೆ ಸರ್ ರಿಚರ್ಡ್ ಬಟ್ಲರ್, ವಂಶಪಾರಂಪರ್ಯದ ಬ್ಯಾರೊನೆಟ್ ಪದವಿಯವನು, ಐರಿಷ್ ಸಂಸತ್ತಿನ ಸದಸ್ಯ. ಆರ್ಮಂಡ್ ಡ್ಯೂಕರ ರಕ್ತ ತನ್ನಲ್ಲಿದೆ ಎಂಬ ಹೆಮ್ಮೆ ಮಗನಿಗೆ ಕೊನೆಯವರೆಗೂ ಇತ್ತು. ಆದರೆ ಆತ ಮೂರನೆಯ ಮಗ. ಹಿರಿಯ ಮಗನಿಗೇ ಪದವಿ, ಆಸ್ತಿ ಎರಡೂ ಸೇರುವ ಕಾನೂನಿನಲ್ಲಿ ಮೂರನೆಯವನ ಪಾಲಿಗೆ ಬರುವುದು ಮನೆತನದ ಹೆಸರು ಮಾತ್ರ. ಅಂಥವರಿಗೆ ಇದ್ದ ದಾರಿ ಸೈನ್ಯ. ಆ ಕಾಲದ ಬ್ರಿಟಿಷ್ ಸೈನ್ಯದಲ್ಲಿ ಅಧಿಕಾರಿಯ ಹುದ್ದೆಯನ್ನು ಹಣ ಕೊಟ್ಟು ಕೊಳ್ಳಬಹುದಿತ್ತು, ಬೇಡವೆನಿಸಿದಾಗ ಮಾರಬಹುದಿತ್ತು. ಬಟ್ಲರ್‌ಗೆ ಹುಡುಗನಾಗಿದ್ದಾಗಲೇ ಹುದ್ದೆ ಕೊಡಿಸಿದರು. ಆತ 29ನೇ ರೆಜಿಮೆಂಟಿನಲ್ಲಿ ಮೇಜರ್ ಆದ. 1770ರಲ್ಲಿ ಬೋಸ್ಟನ್ ಬೀದಿಯಲ್ಲಿ ಗುಂಪಿನ ಮೇಲೆ ಗುಂಡು ಹಾರಿಸಿ ಐವರ ಸಾವಿಗೆ ಕಾರಣವಾದದ್ದು ಇದೇ ರೆಜಿಮೆಂಟ್.

ಮರುವರ್ಷ, 1771ರಲ್ಲಿ, ಆತ ಸೌತ್ ಕೆರೊಲಿನಾದ ಮೇರಿ ಮಿಡಲ್ಟನ್‌ಳನ್ನು ಮದುವೆಯಾದ. ಆಕೆಯ ತಂದೆ ಥಾಮಸ್ ಮಿಡಲ್ಟನ್ ತೋಟಗಳ ಒಡೆಯ, ಗುಲಾಮರನ್ನು ಹಡಗಿನಲ್ಲಿ ತರಿಸಿ ಮಾರುತ್ತಿದ್ದ ವರ್ತಕ. 1773ರಲ್ಲಿ ಬಟ್ಲರ್ ಸೈನ್ಯದ ಹುದ್ದೆಯನ್ನು ಮಾರಿಬಿಟ್ಟ. ಆ ಹಣ, ಹೆಂಡತಿಯ ಕಡೆಯ ಆಸ್ತಿ ಎರಡೂ ಸೇರಿ ಜಮೀನಾಯಿತು, ಜನರಾಯಿತು. ವಂಶಾವಳಿಗಳಲ್ಲಿ ಮದುವೆ ಎಂದರೆ ಎರಡು ಹೆಸರುಗಳ ನಡುವೆ ಎಳೆದ ಒಂದು ಗೆರೆ. ಈ ಮದುವೆಯ ಗೆರೆಯ ಕೆಳಗೆ ನೂರಾರು ಜನರ ಹಕ್ಕುಪತ್ರ ಇತ್ತು. ಮುಂದೆ ಜಾರ್ಜಿಯಾದ ಕರಾವಳಿಯಲ್ಲಿ ಆಲ್ಟಮಹಾ ನದಿ ಸಮುದ್ರ ಸೇರುವಲ್ಲಿ ಬಟ್ಲರ್ ದ್ವೀಪದಲ್ಲಿ ಭತ್ತ, ಸೇಂಟ್ ಸೈಮನ್ಸ್ ದ್ವೀಪದಲ್ಲಿ ಉದ್ದ ಎಳೆಯ ಹತ್ತಿ ಬೆಳೆಸಿ, ಆತ ಐನೂರಕ್ಕೂ ಹೆಚ್ಚು ಗುಲಾಮರ ಒಡೆಯನಾದ.

ಸ್ವಾತಂತ್ರ್ಯ ಯುದ್ಧ ಬಂದಾಗ ಈ ಮಾಜಿ ಬ್ರಿಟಿಷ್ ಮೇಜರ್ ವಸಾಹತುಗಳ ಪರ ನಿಂತ. 1779ರಲ್ಲಿ ಸೌತ್ ಕೆರೊಲಿನಾದ ಅಜುಟೆಂಟ್ ಜನರಲ್ ಆಗಿ ಅಲ್ಲಿನ ಪಡೆಗಳನ್ನು ಕಟ್ಟುವ ಹೊಣೆ ಹೊತ್ತ. 1780ರ ಮೇ ತಿಂಗಳಲ್ಲಿ ಚಾರ್ಲ್ಸ್‌ಟನ್ ಬ್ರಿಟಿಷರ ವಶವಾಯಿತು. ಆನಂತರ ದಕ್ಷಿಣದಲ್ಲಿ ಬ್ರಿಟಿಷ್ ಸೇನೆಯ ಮುಖ್ಯಸ್ಥನಾಗಿದ್ದವನು ನಮಗೂ ಪರಿಚಿತನೇ: ಲಾರ್ಡ್ ಕಾರ್ನ್‌ವಾಲಿಸ್. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಶರಣಾದ ಇದೇ ಕಾರ್ನ್‌ವಾಲಿಸ್ ಹತ್ತು ವರ್ಷ ಕಳೆದು ಬೆಂಗಳೂರಿನ ಕೋಟೆಯನ್ನು ಹಿಡಿದ, 1792ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಿ ಟಿಪ್ಪುವಿನ ಅರ್ಧ ರಾಜ್ಯವನ್ನು ಬಿಡಿಸಿಕೊಂಡ. ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕರೆದೊಯ್ದ ದೃಶ್ಯ ನಮ್ಮ ಪಠ್ಯಪುಸ್ತಕಗಳಲ್ಲಿದೆ. ಅದಕ್ಕೂ ಮೊದಲು ಅವನಿಗೆ ಕೆರೊಲಿನಾದಲ್ಲಿ ಇಂಥದೊಂದು ಅಧ್ಯಾಯ ಇತ್ತೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ಈಗ ಶಾಸಕನ ಪಾತ್ರ. 1787ರ ಬೇಸಿಗೆಯಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ರಚನೆಗೆ ಸೇರಿದ ಸಭೆಗೆ ಬಟ್ಲರ್ ಸೌತ್ ಕೆರೊಲಿನಾದ ಪ್ರತಿನಿಧಿ. ಆಗಸ್ಟ್ 28ರಂದು ಆತ, ಚಾರ್ಲ್ಸ್ ಪಿಂಕ್ನಿ ಇಬ್ಬರೂ ಸೇರಿ ಒಂದು ಸೂಚನೆ ಇಟ್ಟರು: ಓಡಿಹೋದ ಗುಲಾಮರನ್ನೂ ಆಳುಗಳನ್ನೂ ಅಪರಾಧಿಗಳ ಹಾಗೆ ಹಿಡಿದು ಒಪ್ಪಿಸಬೇಕು. ಪೆನ್ಸಿಲ್ವೇನಿಯಾದ ಜೇಮ್ಸ್ ವಿಲ್ಸನ್ ಆಕ್ಷೇಪಿಸಿದ. ಹಾಗಾದರೆ ಆ ಖರ್ಚು ಸರ್ಕಾರದ ಮೇಲೆ ಬೀಳುತ್ತದಲ್ಲ ಎಂಬುದು ಅವನ ತಕರಾರು. ಕುದುರೆಯನ್ನು ಹಿಡಿದುಕೊಡದ ಸರ್ಕಾರ ಗುಲಾಮನನ್ನು ಮಾತ್ರ ಏಕೆ ಹಿಡಿದುಕೊಡಬೇಕು ಎಂದ ಕನೆಕ್ಟಿಕಟ್‌ನ ರೋಜರ್ ಶರ್ಮನ್. ಆ ಕಲಮಿನ ಚರ್ಚೆ ನಡೆದದ್ದು ಈ ಮಟ್ಟದಲ್ಲಿ. ಬಟ್ಲರ್ ಸೂಚನೆಯನ್ನು ಹಿಂತೆಗೆದುಕೊಂಡು ಮರುದಿನ ಮಾತು ಬದಲಿಸಿ ತಂದ. ಯಾರೂ ವಿರೋಧಿಸಲಿಲ್ಲ. ಮುಂದಿನ ಎಪ್ಪತ್ತೈದು ವರ್ಷಗಳ ಕಾಲ ಉತ್ತರಕ್ಕೆ ಓಡಿದ ಪ್ರತಿಯೊಬ್ಬ ಗುಲಾಮನ ಬೆನ್ನ ಹಿಂದೆ ಈ ಕಲಮು ಇತ್ತು. ಬಟ್ಲರ್ ಸೌತ್ ಕೆರೊಲಿನಾದ ಮೊದಲ ಸೆನೆಟರ್‌ಗಳಲ್ಲಿ ಒಬ್ಬನಾದ. 1789ರಿಂದ 1796ರವರೆಗೆ, ಮತ್ತೆ 1802ರಿಂದ 1804ರವರೆಗೆ ಆ ಸ್ಥಾನದಲ್ಲಿದ್ದ.

ಆ ಕಲಮಿನ ಕರ್ತೃವಿಗೇ ಒಬ್ಬ ಗುಲಾಮ ಕೈತಪ್ಪಿದ್ದು ಈ ಕಥೆಯ ಸ್ವಾರಸ್ಯಕರ ತಿರುವು. ಬಟ್ಲರ್ ವರ್ಷದ ಬಹುಭಾಗವನ್ನು ಫಿಲಡೆಲ್ಫಿಯಾದಲ್ಲಿ ಕಳೆಯುತ್ತಿದ್ದ, ಅಲ್ಲಿಗೆ ಬೆನ್ ಎಂಬ ಗುಲಾಮನನ್ನೂ ಕರೆತಂದಿದ್ದ. 1780ರ ಪೆನ್ಸಿಲ್ವೇನಿಯಾ ಕಾಯ್ದೆಯ ಪ್ರಕಾರ ಹೊರರಾಜ್ಯದವರು ಗುಲಾಮರನ್ನು ಅಲ್ಲಿ ಆರು ತಿಂಗಳಿಗಿಂತ ಹೆಚ್ಚು ಇರಿಸಿಕೊಳ್ಳುವಂತಿರಲಿಲ್ಲ. ಕಾಂಗ್ರೆಸ್ ಸದಸ್ಯರಿಗೆ ವಿನಾಯಿತಿ ಇತ್ತು. ಆದರೆ 1796ರಿಂದ 1802ರವರೆಗೆ ಬಟ್ಲರ್ ಸದಸ್ಯನಾಗಿರಲಿಲ್ಲವಲ್ಲ! ಗುಲಾಮಗಿರಿಯನ್ನು ವಿರೋಧಿಸುತ್ತಿದ್ದ ಕ್ವೇಕರ್ ಎಂಬ ಕ್ರೈಸ್ತ ಪಂಥದ ದರ್ಜಿ ಐಸಾಕ್ ಹಾಪರ್ ಬೆನ್‌ನ ಪರ ನಿಂತ, ನ್ಯಾಯಾಲಯ ಬೆನ್‌ನನ್ನು ಬಿಡುಗಡೆ ಮಾಡಿತು. ಬಟ್ಲರ್ ನಷ್ಟ ಪರಿಹಾರ ಕೇಳಿ ಹಾಪರ್ ಮೇಲೆ ದಾವೆ ಹೂಡಿದ. 1806ರಲ್ಲಿ ತೀರ್ಪು ಅವನಿಗೆ ವಿರುದ್ಧವಾಯಿತು. ತೀರ್ಪು ಕೊಟ್ಟ ನ್ಯಾಯಮೂರ್ತಿ ಬುಶ್ರಾಡ್ ವಾಷಿಂಗ್ಟನ್, ಜಾರ್ಜ್ ವಾಷಿಂಗ್ಟನ್‌ನ ಸೋದರನ ಮಗ, ಸ್ವತಃ ಗುಲಾಮರ ಒಡೆಯ. ಆ ಕಾಲದವರನ್ನು ಇಂದಿನ ಅಳತೆಗೋಲಿನಿಂದ ಅಳೆಯಬಾರದು ಎಂಬ ವಾದ ಎದುರಾದಾಗ ಈ ಮೊಕದ್ದಮೆಯನ್ನು ನೆನಪಿಸಿಕೊಳ್ಳುವುದು ಒಳ್ಳೆಯದು. ಆ ಅಳತೆಗೋಲು ಅಂದೂ ಇತ್ತು, ಬಟ್ಲರ್‌ನ ಮನೆಯ ಬೀದಿಯಲ್ಲೇ ಇತ್ತು.

ಬಟ್ಲರ್ ದೂರದಿಂದಲೇ ತೋಟ ಆಳಿದವನು. ಫಿಲಡೆಲ್ಫಿಯಾದಲ್ಲಿ ಕುಳಿತು ಪತ್ರಗಳ ಮೇಲೆ ಪತ್ರ ಬರೆದು ಪ್ರತಿಯೊಂದರ ಲೆಕ್ಕ ಕೇಳುತ್ತಿದ್ದ: ಬೆಳೆ ಎಷ್ಟು, ಬಟ್ಟೆ ಎಷ್ಟು, ಹುಟ್ಟಿದವರು ಯಾರು, ಸತ್ತವರು ಯಾರು. ಉತ್ತರ ಬರೆಯುತ್ತಿದ್ದವನು ಮೇಲ್ವಿಚಾರಕ ರಾಸ್‌ವೆಲ್ ಕಿಂಗ್. ಅಟ್ಲಾಂಟಾ ಸುತ್ತಮುತ್ತ ನೆಲೆಸಿರುವ ಕನ್ನಡಿಗರಿಗೆ ಈ ಹೆಸರು ಹೊಸದಲ್ಲ. ಅಲ್ಲಿನ ಉಪನಗರ ರಾಸ್‌ವೆಲ್ ಇವನದೇ ಹೆಸರಿನದು, 1830ರ ದಶಕದಲ್ಲಿ ಅಲ್ಲಿ ಹತ್ತಿ ಗಿರಣಿ ಹಾಕಿ ಊರು ಕಟ್ಟಿದವನು ಇವನೇ. ಇವನ ನಂತರ ಇವನ ಮಗ, ಅದೇ ಹೆಸರಿನವನು, ತೋಟದ ಮೇಲ್ವಿಚಾರಕನಾದ. ಈ ಪತ್ರವ್ಯವಹಾರದ ದೊಡ್ಡ ಭಾಗ ಇಂದು ಪೆನ್ಸಿಲ್ವೇನಿಯಾ ಇತಿಹಾಸ ಸಂಘದ ಸಂಗ್ರಹದಲ್ಲಿದೆ. ಜಿಪುಣ ಒಡೆಯನೊಬ್ಬನ ಲೆಕ್ಕದ ಹುಚ್ಚು ಎರಡು ಶತಮಾನಗಳ ಮೇಲೆ ಬೇರೆಯವರ ವಂಶಾವಳಿಗೆ ಆಧಾರವಾಗುತ್ತದೆಂದು ಅವನಿಗೇನು ಗೊತ್ತು.

ಬ್ರಿಟನ್ ಮತ್ತು ಅಮೆರಿಕದ ನಡುವೆ 1812ರಲ್ಲಿ ಮತ್ತೆ ಹೊತ್ತಿದ ಯುದ್ಧದ ಕೊನೆಗೆ, 1815ರ ಆರಂಭದಲ್ಲಿ ಬ್ರಿಟಿಷ್ ನೌಕಾಪಡೆ ಸೇಂಟ್ ಸೈಮನ್ಸ್ ದ್ವೀಪದಲ್ಲಿ ಇಳಿದಾಗ ಬಟ್ಲರ್ ತೋಟದ ನೂರಕ್ಕೂ ಹೆಚ್ಚು ಮಂದಿ ಹಡಗು ಹತ್ತಿ ಹೊರಟುಹೋದರು. ಅವರಲ್ಲಿ ಹಲವರು ಕೆನಡಾದ ನೋವಾ ಸ್ಕೋಷಿಯಾ ಸೇರಿದರು. ವಂಶಾವಳಿಯ ಒಂದು ಕೊಂಬೆ ಅಲ್ಲಿ ಗಡಿ ದಾಟಿತು.

ಬಟ್ಲರ್ 1822ರಲ್ಲಿ ತೀರಿಕೊಂಡ. ಅವನ ಉಯಿಲು ವಿಚಿತ್ರವಾದದ್ದು. ಬದುಕಿದ್ದ ಮಗ ಥಾಮಸ್‌ನೊಂದಿಗೆ ಮನಸ್ತಾಪವಿದ್ದುದರಿಂದ ಅವನನ್ನು ಆಸ್ತಿಯಿಂದ ದೂರವಿಟ್ಟ. ಮಗಳು ಸಾರಾ ಫಿಲಡೆಲ್ಫಿಯಾದ ವೈದ್ಯ ಜೇಮ್ಸ್ ಮೀಸ್‌ನ ಹೆಂಡತಿ. ಅವಳ ಗಂಡುಮಕ್ಕಳು ಮೀಸ್ ಎಂಬ ಮನೆತನದ ಹೆಸರನ್ನು ಬಿಟ್ಟು ಬಟ್ಲರ್ ಎಂದು ಕರೆಸಿಕೊಂಡರೆ ಮಾತ್ರ ಆಸ್ತಿ ಎಂದು ಷರತ್ತು ಹಾಕಿದ. ಇಬ್ಬರು ಮೊಮ್ಮಕ್ಕಳು ಒಪ್ಪಿದರು. ಪಿಯರ್ಸ್ ಮೀಸ್ ಬಟ್ಲರ್, ಜಾನ್ ಮೀಸ್ ಬಟ್ಲರ್ ಆದರು. ರಕ್ತಸಂಬಂಧದ ದಾಖಲೆಯೆಂದು ನಾವು ನಂಬುವ ಮನೆತನದ ಹೆಸರು ಇಲ್ಲಿ ಆಸ್ತಿಯ ಹಿಂದೆ ಬಂದದ್ದು.

ಕಿರಿಯ ಪಿಯರ್ಸ್ 1834ರಲ್ಲಿ ಮದುವೆಯಾದದ್ದು ಇಂಗ್ಲೆಂಡಿನ ಪ್ರಸಿದ್ಧ ನಟಿ ಫ್ಯಾನಿ ಕೆಂಬಲ್‌ಳನ್ನು. ಗಂಡನ ಸಿರಿಯ ಮೂಲ ಆಕೆಗೆ ಮದುವೆಯ ಹೊತ್ತಿಗೆ ಗೊತ್ತಿರಲಿಲ್ಲ. 1838ರ ಡಿಸೆಂಬರ್‌ನಿಂದ 1839ರ ವಸಂತದವರೆಗೆ ಆಕೆ ಜಾರ್ಜಿಯಾದ ತೋಟಗಳಲ್ಲಿ ಇದ್ದಳು, ಕಂಡದ್ದನ್ನು ದಿನಚರಿಯಾಗಿ ಬರೆದಳು. ಒಂದು ದಿನ ತನ್ನ ಬಳಿ ಅಹವಾಲು ತಂದ ಹೆಂಗಸರ ಪಟ್ಟಿಯನ್ನೇ ಆಕೆ ಬರೆದಿಟ್ಟಿದ್ದಾಳೆ. ಫ್ಯಾನಿ ಎಂಬಾಕೆಗೆ ಆರು ಮಕ್ಕಳು, ಉಳಿದದ್ದು ಒಂದು. ಗದ್ದೆಯ ಕೆಲಸ ಸ್ವಲ್ಪ ಹಗುರ ಮಾಡಿಸಿ ಎಂದು ಕೇಳಲು ಬಂದಿದ್ದಳು. ನ್ಯಾನಿಗೆ ಮೂವರು, ಇಬ್ಬರು ತೀರಿಕೊಂಡಿದ್ದರು. ಹೆರಿಗೆಯಾಗಿ ಮೂರೇ ವಾರಕ್ಕೆ ಗದ್ದೆಗೆ ಅಟ್ಟುವ ನಿಯಮ ಬದಲಿಸಿ ಎಂಬುದು ಅವಳ ಬೇಡಿಕೆ. ಸೀಸರ್‌ನ ಹೆಂಡತಿ ಲಿಯಾಗೆ ಆರು, ಸತ್ತವರು ಮೂವರು. ಲೂಯಿಸ್‌ನ ಹೆಂಡತಿ ಸೋಫಿಗೆ ಹತ್ತು, ಸತ್ತವರು ಐವರು. ಅವಳು ಕೇಳಿದ್ದು ಒಂದಿಷ್ಟು ಹಳೆಯ ಬಟ್ಟೆ. ತಾಯಿಯ ಹೆಸರು, ತಂದೆಯ ಹೆಸರು, ಮಕ್ಕಳೆಷ್ಟು, ಉಳಿದವರೆಷ್ಟು: ವಂಶಾವಳಿಗೆ ಬೇಕಾದದ್ದೆಲ್ಲ ಅಲ್ಲಿದೆ. ಮೇಲ್ವಿಚಾರಕರಿಗೂ ಗುಲಾಮ ಹೆಂಗಸರಿಗೂ ಹುಟ್ಟಿದ ಮಕ್ಕಳ ವಿಷಯವನ್ನೂ ಆಕೆ ಮುಚ್ಚಿಡಲಿಲ್ಲ. ಇಂದು ಡಿಎನ್‌ಎ ಪರೀಕ್ಷೆ ಮಾಡಿಸಿಕೊಂಡು ಅನಿರೀಕ್ಷಿತ ಬಂಧುಗಳನ್ನು ಕಂಡು ಬೆಚ್ಚುವವರಿಗೆ ಉತ್ತರ ಅಂಥ ಪುಟಗಳಲ್ಲಿರುತ್ತದೆ.

ದಾಂಪತ್ಯ ಮುರಿದು 1849ರಲ್ಲಿ ವಿಚ್ಛೇದನವಾಯಿತು. ದಿನಚರಿ ಅಚ್ಚಾದದ್ದು 1863ರಲ್ಲಿ, ಗುಲಾಮಗಿರಿಯ ಪ್ರಶ್ನೆಯ ಮೇಲೆ ಉತ್ತರ, ದಕ್ಷಿಣ ರಾಜ್ಯಗಳು ಕಾದಾಡಿದ ಅಂತರ್ಯುದ್ಧದ ನಡುವೆ, ಬ್ರಿಟನ್ನಿನಲ್ಲಿ ದಕ್ಷಿಣದವರ ಪರ ಒಲವು ಬೆಳೆಯುತ್ತಿದ್ದಾಗ. ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಜೂಜು, ಸಟ್ಟಾ ವ್ಯವಹಾರ, 1857ರ ಆರ್ಥಿಕ ಕುಸಿತಗಳಿಂದ ಕಿರಿಯ ಪಿಯರ್ಸ್ ಸಾಲದಲ್ಲಿ ಮುಳುಗಿದ. ಎರಡೂ ತೋಟಗಳಲ್ಲಿ ಆಗ ಸುಮಾರು 900 ಗುಲಾಮರಿದ್ದರು. ಅಣ್ಣ ಜಾನ್ ತೀರಿಕೊಂಡಿದ್ದರಿಂದ ಅವನ ವಾರಸುದಾರರ ಪಾಲನ್ನು ಬೇರ್ಪಡಿಸಿ, ಪಿಯರ್ಸ್‌ನ ಪಾಲಿಗೆ ಬಂದವರನ್ನು ಹರಾಜಿಗಿಟ್ಟರು. 1859ರ ಮಾರ್ಚ್ 2 ಮತ್ತು 3ರಂದು, ಸವಾನಾ ನಗರದ ಹೊರವಲಯದ ಕುದುರೆ ಜೂಜಿನ ಮೈದಾನದಲ್ಲಿ. ಕುದುರೆಗಳ ಲಾಯಗಳಲ್ಲೇ ಜನರನ್ನು ಇರಿಸಿದ್ದರು. ಹೊರಗೆ ಜಡಿಮಳೆ. ಪಟ್ಟಿಯಲ್ಲಿ 436 ಮಂದಿ, ಮಾರಾಟವಾದವರು 429, ಒಟ್ಟು ಬಂದದ್ದು 3,03,850 ಡಾಲರ್, ಅಂದರೆ ತಲೆಗೆ ಸರಾಸರಿ 708. ಅಮೆರಿಕದ ಇತಿಹಾಸದ ಅತಿ ದೊಡ್ಡ ಗುಲಾಮ ಹರಾಜುಗಳಲ್ಲಿ ಇದೂ ಒಂದು. ಅಳುವಿನ ಹೊತ್ತು ಎಂದು ಅದನ್ನು ಇಂದಿಗೂ ಕರೆಯುತ್ತಾರೆ.

ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಯ ಮಾರ್ಟಿಮರ್ ಥಾಮ್ಸನ್ ಕೊಳ್ಳುವವನಂತೆ ನಟಿಸಿ ಒಳಹೊಕ್ಕು ವರದಿ ಬರೆದ. ಗಂಡ ಹೆಂಡಿರನ್ನು, ಅವರ ಎಳೆಯ ಮಕ್ಕಳನ್ನು ಅಗಲಿಸುವುದಿಲ್ಲ, ಕುಟುಂಬಗಳಾಗಿಯೇ ಮಾರುತ್ತೇವೆ ಎಂದು ಹರಾಜಿನವರು ಹೇಳಿಕೊಂಡಿದ್ದರು. ಅಣ್ಣ ತಮ್ಮಂದಿರು, ವಯಸ್ಸಾದ ತಂದೆತಾಯಿ, ಮದುವೆಯಾಗಬೇಕಿದ್ದ ಜೋಡಿ ಆ ಮಾತಿನ ವ್ಯಾಪ್ತಿಯಲ್ಲಿ ಇರಲಿಲ್ಲ. ಡ್ಯಾಫ್ನಿ ಎಂಬಾಕೆ ಶಾಲು ಹೊದ್ದು ಕಟ್ಟೆಯ ಮೇಲೆ ಬಂದಾಗ ಕೊಳ್ಳುವವರು ಗದ್ದಲ ಎಬ್ಬಿಸಿದರು: ಶಾಲು ತೆಗೆಸಿ, ಮೈಗೆ ಏನಾಗಿದೆ ನೋಡಬೇಕು. ಶಾಲಿನ ಒಳಗಿದ್ದದ್ದು ಸುಮಾರು ಹದಿನೈದು ದಿನಗಳ ಹಿಂದಷ್ಟೇ ಹುಟ್ಟಿದ ಕೂಸು. 319ನೇ ಸಂಖ್ಯೆಯ ಜೆಫ್ರಿ, ಇಪ್ಪತ್ಮೂರರ ಹುಡುಗ, 1,310 ಡಾಲರಿಗೆ ಹೋದ. 278ನೇ ಸಂಖ್ಯೆಯ ಡಾರ್ಕಸ್‌ಳನ್ನು ಮದುವೆಯಾಗಬೇಕೆಂದಿದ್ದವನು ತನ್ನ ಹೊಸ ಒಡೆಯನ ಮುಂದೆ ಕೈಮುಗಿದು ಅವಳನ್ನೂ ಕೊಳ್ಳಿ ಎಂದು ಬೇಡಿಕೊಂಡ. ಮೈಗಟ್ಟು, ದುಡಿಮೆ, ನಡತೆ ಎಂದು ಅವಳ ಗುಣಗಳನ್ನು ಸರಕಿನ ಭಾಷೆಯಲ್ಲೇ ವಿವರಿಸಿದ. ಒಡೆಯ ಒಪ್ಪುವ ಹಾಗೂ ಇದ್ದ. ಆದರೆ ಮರುದಿನ ಡಾರ್ಕಸ್ ನಾಲ್ವರ ಕುಟುಂಬದ ಜೊತೆ ಸೇರಿ ಮಾರಾಟಕ್ಕೆ ಬಂದಳು. ಒಬ್ಬಳಿಗಾಗಿ ನಾಲ್ವರನ್ನು ಕೊಳ್ಳಲು ಅವನು ಸಿದ್ಧನಿರಲಿಲ್ಲ. ಕುಟುಂಬವನ್ನು ಒಡೆಯುವುದಿಲ್ಲ ಎಂಬ ನಿಯಮವೇ ಇಬ್ಬರನ್ನು ಬೇರೆ ಮಾಡಿತು. ಕೊನೆಗೆ ಕಿರಿಯ ಪಿಯರ್ಸ್ ಪ್ರತಿಯೊಬ್ಬರಿಗೂ ಟಂಕಸಾಲೆಯಿಂದ ಬಂದ ಹೊಸ ಇಪ್ಪತ್ತೈದು ಸೆಂಟಿನ ನಾಣ್ಯಗಳಲ್ಲಿ ಒಂದೊಂದು ಡಾಲರ್ ಹಂಚಿದ.

ಬಟ್ಲರ್ ಕುಟುಂಬದ ಮುಂದಿನ ಕಥೆಯನ್ನು ಬೇಗ ಮುಗಿಸಬಹುದು. ಇಬ್ಬರು ಹೆಣ್ಣುಮಕ್ಕಳಲ್ಲಿ ಸಾರಾ ತಾಯಿಯಂತೆ ಉತ್ತರದ ಪರ, ಫ್ರಾನ್ಸಸ್ ತಂದೆಯಂತೆ ದಕ್ಷಿಣದ ಪರ. ಯುದ್ಧದ ಕೊನೆಯಲ್ಲಿ, 1865ರ ಜನವರಿಯಲ್ಲಿ, ಉತ್ತರದ ಸೇನಾನಿ ಜನರಲ್ ವಿಲಿಯಂ ಶರ್ಮನ್‌ನ ಆದೇಶ ಈ ಕರಾವಳಿ ದ್ವೀಪಗಳನ್ನು ಬಿಡುಗಡೆಯಾದವರಿಗೆ ಮೀಸಲಿಟ್ಟಿತು. ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಅದೇ ವರ್ಷ ಅದನ್ನು ತಲೆಕೆಳಗು ಮಾಡಿ ಹಳೆಯ ಒಡೆಯರಿಗೆ ಜಮೀನು ಮರಳಿಸಿದ. ತಂದೆ ಮಗಳು 1866ರಲ್ಲಿ ತೋಟಕ್ಕೆ ಮರಳಿದರು. ಮರುವರ್ಷ ತಂದೆ ಅಲ್ಲೇ ತೀರಿಕೊಂಡ, ಮಗಳು ಕೆಲವು ವರ್ಷ ತೋಟ ನಡೆಸಿ ಇಂಗ್ಲೆಂಡಿಗೆ ಹೋದಳು. ಸಾರಾಳ ಮಗ ಓವನ್ ವಿಸ್ಟರ್ ಕೌಬಾಯ್ ಕಾದಂಬರಿಯ ಜನಕನೆಂದು ಹೆಸರಾದ. ಐರ್ಲೆಂಡಿನ ಬ್ಯಾರೊನೆಟ್‌ನಿಂದ ಅವನವರೆಗೆ ಪ್ರತಿ ತಲೆಮಾರಿಗೂ ಜನನ, ಮದುವೆ, ಉಯಿಲು, ಸಮಾಧಿ ಎಲ್ಲವೂ ದಾಖಲಾಗಿವೆ. ಕ್ರಾಂತಿಯ ಕಾಲದ ಪೂರ್ವಜರನ್ನು ಸಾಬೀತು ಮಾಡಿದವರಿಗೆ ಮಾತ್ರ ಸದಸ್ಯತ್ವ ಕೊಡುವ, 1889ರಲ್ಲಿ ಗಂಡಸರು, 1890ರಲ್ಲಿ ಹೆಂಗಸರು ಕಟ್ಟಿಕೊಂಡ ಸಂಘಗಳು ಕೇಳುವುದು ಇಂಥದೇ ದಾಖಲೆಗಳ ಸರಪಣಿಯನ್ನು.

ಜೆಫ್ರಿಯ, ಡ್ಯಾಫ್ನಿಯ ಮರಿಮಕ್ಕಳು ಇಂಥ ಸರಪಣಿಯನ್ನು ಎಲ್ಲಿಂದ ತರಬೇಕು? ಗುಲಾಮರಾಗಿದ್ದವರೆಲ್ಲರ ಹೆಸರು ಅಮೆರಿಕದ ಜನಗಣತಿಯಲ್ಲಿ ಮೊದಲ ಬಾರಿಗೆ ಬಂದದ್ದು 1870ರಲ್ಲಿ. 1850 ಮತ್ತು 1860ರ ಗಣತಿಗಳು ಗುಲಾಮರಿಗೆ ಪ್ರತ್ಯೇಕ ಹಾಳೆ ಇಟ್ಟಿದ್ದವು. ಅದರಲ್ಲಿ ಒಡೆಯನಿಗೆ ಹೆಸರು, ಗುಲಾಮರಿಗೆ ವಯಸ್ಸು, ಲಿಂಗ, ಮೈಬಣ್ಣ ಮಾತ್ರ. ಕಪ್ಪು ಜನರ ವಂಶಾವಳಿ ಹುಡುಕುವವರು 1870ನ್ನು ಇಟ್ಟಿಗೆ ಗೋಡೆ ಎನ್ನುವುದು ಇದಕ್ಕೇ. ಗೋಡೆಯ ಈಚೆಗೆ ಕೆಲವು ಆಸರೆಗಳಿವೆ: ಬಿಡುಗಡೆಯಾದವರಿಗಾಗಿ ತೆರೆದ ಉಳಿತಾಯ ಬ್ಯಾಂಕಿನ ಖಾತೆ ಹಾಳೆಗಳು, ಅವುಗಳಲ್ಲಿ ಕೆಲವರ ತಂದೆತಾಯಿ, ಒಡಹುಟ್ಟಿದವರು, ಹಳೆಯ ತೋಟದ ಹೆಸರುಗಳಿವೆ. ಕಳೆದುಹೋದ ತಾಯಿಯನ್ನೋ ತಮ್ಮನನ್ನೋ ಹುಡುಕಿ ಪತ್ರಿಕೆಗಳಿಗೆ ಕೊಟ್ಟ ಜಾಹೀರಾತುಗಳಿವೆ, ಕೆಲವು ಯುದ್ಧ ಮುಗಿದು ದಶಕಗಳ ನಂತರದವು. ಗೋಡೆಯ ಆಚೆಗೆ ಹೋಗಬೇಕಾದರೆ ಮಾತ್ರ ಒಡೆಯನ ಹೆಸರು ಬೇಕು, ಅವನ ಉಯಿಲು ಬೇಕು, ಅವನ ಮಗಳ ವರದಕ್ಷಿಣೆಯ ಪಟ್ಟಿ ಬೇಕು, ಅವನ ಸಾಲದ ಕಾಗದ ಬೇಕು. ಮೇರಿಲ್ಯಾಂಡಿನ ಜೆಸ್ಯೂಟ್ ಪಾದ್ರಿಗಳು 1838ರಲ್ಲಿ ಮಾರಿದ 272 ಜನರ ಸಾವಿರಾರು ವಂಶಜರನ್ನು ಗುರುತಿಸಲು ಸಾಧ್ಯವಾದದ್ದು ಪಾದ್ರಿಗಳ ಲೆಕ್ಕಪತ್ರ ಉಳಿದಿದ್ದರಿಂದ. ಆ ಹಣದಿಂದ ಉಳಿದುಕೊಂಡ ಜಾರ್ಜ್‌ಟೌನ್ ವಿಶ್ವವಿದ್ಯಾಲಯ ಆ ವಂಶಜರಿಗೆ ಪ್ರವೇಶದಲ್ಲಿ ಆದ್ಯತೆ ಕೊಡುವುದಾಗಿ 2016ರಲ್ಲಿ ಹೇಳಬೇಕಾಯಿತು.

ಹಾಗಾಗಿ ಫಲಕ ತೆಗೆಯುವುದರಿಂದ ಯಾರ ಗೌರವ ಉಳಿಯುತ್ತದೆ ಎಂಬ ಚರ್ಚೆ ನನಗೆ ಅಷ್ಟು ಮುಖ್ಯವೆನಿಸುವುದಿಲ್ಲ. ಫಲಕ ಓದಿದವರು ಕಾಗದ ಹುಡುಕಿ ಹೋಗುತ್ತಾರೆ, ಅದು ಅದರ ನಿಜವಾದ ಉಪಯೋಗ. ಸವಾನಾದಲ್ಲಿ ಹರಾಜಿನ ಸ್ಥಳದ ಹತ್ತಿರ ಸ್ಮಾರಕ ಫಲಕ ಬಂದದ್ದು 2008ರಲ್ಲಿ, ಸುಮಾರು ನೂರೈವತ್ತು ವರ್ಷಗಳ ನಂತರ. ನಡುವಿನ ಅಷ್ಟೂ ತಲೆಮಾರುಗಳಲ್ಲಿ, ಮನೆಯಲ್ಲಿ ಕೇಳಿದ ಮಾತನ್ನು ದಾಖಲೆಯೊಂದಿಗೆ ಹೊಂದಿಸಿ ನೋಡಬಲ್ಲ ಹಿರಿಯರು ಒಬ್ಬೊಬ್ಬರಾಗಿ ತೀರಿಹೋದರು.

ಬಟ್ಲರ್ ಗುಲಾಮರ ವಂಶಜರಿಗೆ ಒಂದು ಅನುಕೂಲ ಇದೆ: ಹರಾಜಿನ ಮುದ್ರಿತ ಪಟ್ಟಿಯಲ್ಲಿ ಹೆಸರು, ವಯಸ್ಸು, ಕೆಲಸ, ಕುಟುಂಬದ ಗುಂಪು ಎಲ್ಲವೂ ಇದೆ. ಬೆಲೆ ಕಟ್ಟಲು ಮಾಡಿದ ಪಟ್ಟಿ ಈಗ ಅವರ ಮನೆತನದ ಮೊದಲ ಪುಟ. ಅಲ್ಲಿಂದ ಮುಂದೆ ತೊಡಕು. ಹರಾಜಿಗೆ ಮೊದಲೇ ಅಚ್ಚಾದ ಪಟ್ಟಿಯಲ್ಲಿ ಕೊಂಡವರು ಯಾರು ಎಂಬುದು ಇರುವ ಹಾಗಿಲ್ಲ. ಡ್ಯಾಫ್ನಿ ಯಾವ ಜಿಲ್ಲೆಗೆ ಹೋದಳು ಎಂದು ತಿಳಿಯದೆ 1870ರ ಗಣತಿಯಲ್ಲಿ ಅವಳನ್ನು ಹುಡುಕುವುದು ಹೇಗೆ? ಇಲ್ಲಿ ನೆರವಿಗೆ ಬರುವುದು ಹರಾಜಿನ ಷರತ್ತು. ಮೂರನೆಯ ಒಂದು ಭಾಗ ನಗದು, ಉಳಿದದ್ದು ಎರಡು ವಾರ್ಷಿಕ ಕಂತುಗಳಲ್ಲಿ ಬಡ್ಡಿಯೊಂದಿಗೆ, ಅಷ್ಟರವರೆಗೆ ಕೊಂಡ ಜನರೇ ಅಡಮಾನ. ಅಡಮಾನವೆಂದರೆ ಪತ್ರ, ಪತ್ರವೆಂದರೆ ನೋಂದಣಿ. ಹೀಗಾಗಿ ಹುಡುಕಾಟ ಸವಾನಾದಲ್ಲಿ ನಿಲ್ಲುವುದಿಲ್ಲ. ಕೊಂಡವರ ಊರುಗಳ ಜಿಲ್ಲಾ ನ್ಯಾಯಾಲಯಗಳಲ್ಲಿ, 1859 ಮತ್ತು 1860ರ ಅಡಮಾನ ಪತ್ರಗಳ ಸಂಪುಟಗಳಲ್ಲಿ ಮುಂದುವರಿಯುತ್ತದೆ.